ಹದಿನಾಲ್ಕು ವರ್ಷ ಸಾಲದು ಅಂದವರು

ಎಡಗೈಯ ಎರಡು ಬೆರಳಿನಿಂದ ಅವರು ನನ್ನ ಮೂಗು ಹಿಡಿದೆತ್ತಿದರೆ ಸೋಪಿನ ಜೊತೆಗೆ ಬೀಡಿಯ ವಾಸನೆಯೂ ಒಳಗೆ ಹೋಗುತ್ತಿತ್ತು. ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರು ಅವರ ಕಟಿಂಗ್ ಶಾಪು. ಎಂಬತ್ತರ ದಶಕದ ಮೊದಲಲ್ಲಿ, ಕೋಲಾರದ ಕಾಲೇಜಿಗೆ ಹೋಗುತ್ತಿದ್ದ ನಾನು ವಾರಕ್ಕೊಮ್ಮೆ ಅವರ ಮುಂದೆ ಕತ್ತು ಒಡ್ಡುತ್ತಿದ್ದೆ. ಗಡ್ಡದ ಜೊತೆ ಭಾಷಣ ಪುಕ್ಕಟೆ.

"ಕೊಲೆ ಮಾಡ್ದೋನ್ನ ಹದಿನಾಲ್ಕು ವರ್ಷಕ್ಕೇ ಬಿಟ್ಬಿಡ್ತಾರಲ್ಲಯ್ಯಾ! ಸತ್ತೋನು ಹದಿನಾಲ್ಕು ವರ್ಷಕ್ಕೆ ಎದ್ದು ಬರ್ತಾನಾ?"

ಗಂಟಲ ಮೇಲೆ ಕ್ಷೌರದ ಕತ್ತಿ ಇರುವಾಗ ಯಾರು ತಾನೇ ಎದುರಾಡುತ್ತಾರೆ? ಎಲ್ಲರೂ "ಹೂಂ" ಎನ್ನುತ್ತಿದ್ದರು. ಇಡೀ ಊರೇ ತಮ್ಮ ಕಡೆ ಎಂದು ಅವರು ನಂಬಿಬಿಟ್ಟಿದ್ದರು. ನಾನೊಬ್ಬ ಮಾತ್ರ ಮುಖ ಒರೆಸಿಕೊಂಡು, ಕ್ಷೇಮವಾಗಿ ಬಾಗಿಲಾಚೆ ನಿಂತ ಮೇಲೆ, ಮನುಷ್ಯ ಬದಲಾಗುತ್ತಾನೆ, ಹದಿನಾಲ್ಕು ವರ್ಷವೇ ಹೆಚ್ಚಾಯಿತು ಎಂದು ವಾದಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಈ ವಾದಕ್ಕೆ ನನಗೆ ಮೊದಲ ಬಹುಮಾನ ಬಂದಿತ್ತು.

ಒಂದು ದಿನ ಮುಳಬಾಗಿಲು ಕಡೆಯವನೊಬ್ಬ ಕೆಲಸ ಕೇಳಿಕೊಂಡು ಬಂದ. ಕೊಲೆಗೆ ಹದಿನಾಲ್ಕು ವರ್ಷ ಜೈಲು ಮುಗಿಸಿದ್ದ. ಕ್ಷೌರ ಕಲಿತದ್ದೂ ಅಲ್ಲೇ. ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಅವನು ತೊಗಲಿನ ಪಟ್ಟಿಗೆ ಕತ್ತಿ ಮಸೆಯುವುದನ್ನು ಇವರು ನೋಡಿದರು.

"ಶಿಕ್ಷೆ ಸಾಲ್ದು. ಕೈ ಚೆನ್ನಾಗೈತೆ. ನಾಳೆಯಿಂದ ಬಾ."

ಮರುದಿನದಿಂದ ಊರಿನ ಗಂಡಸರಿಗೆಲ್ಲ ಗಡ್ಡ ಬಿಡುವ ಆಸೆ ಹುಟ್ಟಿತು. ವಾರವಾದರೂ ಅಂಗಡಿಗೆ ಒಬ್ಬರೂ ಬರಲಿಲ್ಲ. ಸಂತೆಯ ದಿನ ಅವನು ಬಟ್ಟೆಯ ಚೀಲ ಹೆಗಲಿಗೇರಿಸಿ, "ನನ್ನಿಂದ ನಿಮ್ಮ ಅಂಗಡಿ ಹಾಳಾಗೋದು ಬೇಡಣ್ಣಾ" ಎಂದು ಹೊರಟುನಿಂತ. ಇವರು ಚೀಲ ಕಿತ್ತುಕೊಂಡು, ಕುರ್ಚಿಯನ್ನು ಬೀದಿಗೆ ಎಳೆದು, ತಾವೇ ಕೂತು ಕತ್ತು ಎತ್ತಿದರು. ಸಂತೆಗೆ ಸಂತೆಯೇ ಸುತ್ತ ನೆರೆಯಿತು.

ನೊರೆ ಮೆತ್ತಿದ ಬಾಯಿಯೂ ಸುಮ್ಮನಿರಲಿಲ್ಲ. "ನಿನ್ನ ಜೈಲಿಂದ ಬಿಡಬಾರ್ದಾಗಿತ್ತು ಕಣಯ್ಯಾ."

"ಅಲುಗಾಡ್ಬೇಡಿ ಅಣ್ಣಾ, ಕುಯ್ದುಬಿಟ್ಟೀತು" ಎಂದ ಅವನು. ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

ಕೆನ್ನೆ ಸವರಿಕೊಳ್ಳುತ್ತ ಎದ್ದವರಿಗೆ ನಾನು ಕಂಡೆ. "ಏಮಪ್ಪಾ, ಬಹುಮಾನ ತಗೊಂಡೋನು ನೀನೇ ತಾನೇ? ಬಾ, ಕೂತ್ಕೋ."

"ನಿನ್ನೆ ತಾನೇ ಆಯ್ತು" ಎಂದೆ. ವಾರದ ಗಡ್ಡ ಮುಖದ ತುಂಬ ಇತ್ತು. ಜನ ನಕ್ಕರು, ಅವರು ನಗಲಿಲ್ಲ. ಅವನು ತಲೆ ತಗ್ಗಿಸಿ, ಚೀಲ ಎಲ್ಲಿದೆ ಎಂದು ಹುಡುಕತೊಡಗಿದ. ಅದನ್ನು ನೋಡಲಾರದೆ ಹೋಗಿ ಕೂತೆ. ಅವನು ಕತ್ತಿಯನ್ನು ಪಟ್ಟಿಗೆ ಇನ್ನೊಮ್ಮೆ ಮಸೆದು ನನ್ನ ಕತ್ತು ಎತ್ತಿದ. ನನ್ನ ಹಿಂದೆ ಇನ್ನಿಬ್ಬರು ಸಾಲಿಗೆ ನಿಂತರು.

ಅವರು ತೀರಿಕೊಂಡು ವರ್ಷಗಳಾದವು. ಕೊನೆಯವರೆಗೂ ಹದಿನಾಲ್ಕು ಸಾಲದು ಎನ್ನುತ್ತಲೇ ಇದ್ದರು. ಅವರ ವಾದವನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ನನ್ನ ವಾದವನ್ನು ನಾನು ನಿಜವಾಗಿ ನಂಬುವಂತೆ ಮಾಡಿದವರು ಅವರೇ.