ಬೆನ್ನಿಗೆ ಬೆನ್ನು

ಗುಬ್ಬಿಯ ಪುಟ್ಟಗಂಗಮ್ಮನಿಗೆ ಮಗನ ಮೇಲೆ ಪ್ರೀತಿ ಸಾಲದು ಎಂದು ೧೯೭೬ರಲ್ಲಿ ತುಮಕೂರಿನ ಡಾಕ್ಟರೊಬ್ಬರು ಪತ್ತೆ ಮಾಡಿದರು. ಮಗ ಚಿಕ್ಕರಂಗನಿಗೆ ಆಗ ಐದು ವರ್ಷ. ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಅಪ್ಪಿಕೊಂಡರೆ ಕಿರುಚುತ್ತಿದ್ದ. ತಾಯಿಯ ಮನಸ್ಸು ತಣ್ಣಗಿದ್ದರೆ ಮಕ್ಕಳು ಹೀಗಾಗುತ್ತಾರೆಂದು ಡಾಕ್ಟರು ಯಾವುದೋ ವಿದೇಶಿ ಪುಸ್ತಕದಲ್ಲಿ ಓದಿದ್ದರು.

ಚಿಕಿತ್ಸೆಯನ್ನು ಅತ್ತೆ ಕದರಮ್ಮ ವಹಿಸಿಕೊಂಡರು. ಬೆಳಿಗ್ಗೆ ಸಂಜೆ, ಬೀದಿಗೆಲ್ಲ ಕಾಣುವಂತೆ ಜಗಲಿಯ ಮೇಲೆ ಕೂತು ಸೊಸೆ ಮಗನನ್ನು ಅಪ್ಪಿಕೊಳ್ಳಬೇಕು. ಪುಟ್ಟಗಂಗಮ್ಮ ಅಪ್ಪಿಕೊಂಡರು, ಮಗ ಕಿರುಚಿದ. ಇನ್ನೂ ಸ್ವಲ್ಪ ಮನಸ್ಸಿಟ್ಟು ಅಪ್ಪಿಕೊಳ್ಳಬೇಕೆಂದು ಎದುರುಮನೆಯವರು ತಿದ್ದಿದರು.

ಗುಣ ಕಾಣಲಿಲ್ಲ. ಪ್ರೀತಿ ಇರುವ ಕಡೆ ಬೆಳೆಯಲಿ ಎಂದು ಕದರಮ್ಮ ಮೊಮ್ಮಗನನ್ನು ಕುಣಿಗಲ್‌ನಲ್ಲಿದ್ದ ಮಗಳು ಹನುಮಕ್ಕನ ಮನೆಗೇ ಕೊಟ್ಟುಬಿಟ್ಟರು. ಪುಟ್ಟಗಂಗಮ್ಮನ ಗಂಡ ರಾಮಾಂಜಿನಯ್ಯ ಅವ್ವನ ಮಾತು ಮೀರುವವರಲ್ಲ. ಹನುಮಕ್ಕನಿಗೆ ಪ್ರೀತಿ ಧಾರಾಳವಾಗಿತ್ತು. ಎತ್ತಿಕೊಂಡ ಮಗುವನ್ನು ಇಳಿಸಲೇ ಇಲ್ಲ. ಕೊನೆಗೆ ಅವನು ಕೊಸರಿಕೊಂಡು ರಾಗಿ ಮೂಟೆಗಳ ಸಂದಿಗೆ ನುಗ್ಗಿದ. ಅನ್ನ ಬೇಡ, ನೀರು ಬೇಡ. ಕೈ ಹಾಕಿದವರನ್ನು ಕಚ್ಚಿದ.

ಸುದ್ದಿ ತಿಳಿದು ಅತ್ತೆ, ಸೊಸೆ ಬಸ್ಸು ಹತ್ತಿ ಬಂದರು. ಪುಟ್ಟಗಂಗಮ್ಮ ಮಗನನ್ನು ಕರೆಯಲಿಲ್ಲ. ಮೂಟೆಗಳಿಗೆ ಬೆನ್ನು ಮಾಡಿ ಕೂತು ಕಡ್ಲೆಕಾಯಿ ಸುಲಿಯತೊಡಗಿದರು.

“ನೋಡವ್ವ, ಹೆತ್ತ ಮಗೀಗೆ ಬೆನ್ ಹಾಕ್ಕೊಂಡ್ ಕೂತವ್ಳೆ,” ಎಂದರು ಹನುಮಕ್ಕ. “ಡಾಕ್ಟ್ರು ಸುಮ್ ಸುಮ್ನೆ ಹೇಳ್ತಾರಾ?”

ಸ್ವಲ್ಪ ಹೊತ್ತಿಗೆ ಚಿಕ್ಕರಂಗ ಹೊರಗೆ ಬಂದ. ತಾಯಿಯ ಬೆನ್ನಿಗೆ ತನ್ನ ಬೆನ್ನು ಒರಗಿಸಿ ಕೂತು, ಕೈ ಹಿಂದಕ್ಕೆ ಚಾಚಿದ. ತಾಯಿ ತಿರುಗದೆಯೇ ಬೀಜ ಹಾಕಿದರು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಇಬ್ಬರೂ ಕೂರುತ್ತಿದ್ದುದೇ ಹಾಗೆ. ಅದರ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ.

ಕದರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ತಾವೂ ಗೋಡೆಯ ಕಡೆ ತಿರುಗಿ ಕೂತು, “ನಡಿಯವ್ವ, ಮಗೀನ ಕರ್ಕೊಂಡ್ ಊರಿಗ್ ಹೋಗಣ,” ಎಂದರು.

ಅಲ್ಲಿಂದ ಮುಂದೆ ಗುಬ್ಬಿಯ ಆ ಮನೆಯಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿಯೇ ಊಟಕ್ಕೆ ಕೂತರು. ಜಗಳವಿರಬೇಕೆಂದು ನೆಂಟರು ಬೇಗ ಬೇಗ ಉಂಡು ಎದ್ದುಹೋಗುತ್ತಿದ್ದರು.

೧೯೮೫ರಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ಚಿಕ್ಕರಂಗನನ್ನು ನೋಡಿ, ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ಹುಟ್ಟಿನಿಂದಲೇ ಮಿದುಳು ಬೆಳೆದ ರೀತಿ ಬೇರೆ, ತಾಯಿಯ ತಪ್ಪೇನೂ ಇಲ್ಲ ಎಂದರು. ಅವರು ಇದನ್ನು ಹೇಳಿದ್ದು ಬೆನ್ನುಗಳಿಗೆ. ಮನೆಯವರೆಲ್ಲ ಡಾಕ್ಟರ ಕೋಣೆಗೆ ಬಂದವರೇ ಅಭ್ಯಾಸಬಲದಿಂದ ಕುರ್ಚಿಗಳನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

“ಇನ್ನೊಂದ್ಸಲ ಗಟ್ಟಿಯಾಗ್ ಹೇಳಿ ಸ್ವಾಮಿ,” ಎಂದರು ಪುಟ್ಟಗಂಗಮ್ಮ. “ನಮ್ಮತ್ತೆಗೆ ಕಿವಿ ಮಂದ.”

ಕದರಮ್ಮನ ಕಿವಿ ಚೆನ್ನಾಗಿಯೇ ಇತ್ತು.

“ಹೇಳಿ ಡಾಕ್ಟ್ರೇ,” ಎಂದರು ಅವರು, ಗೋಡೆ ನೋಡುತ್ತಲೇ. “ಕೇಳಿಸ್ಕೊಂತೀನಿ.”