ರಸ್ತೆಗೆ ಬಾಗಿಲು ತೆರೆದ ಯೂನಿಯನ್

"ಛಲೋ ಅಂದ್ರಿ! ಇನ್ನೊಮ್ಮೆ ಹೇಳ್ರಿ!"

ಕಾಲೇಜಿನ ಚರ್ಚಾಸಭೆಯ ನಡುವೆ ಹೀಗೆ ಕೂಗಿದವರು ಪ್ರೊಫೆಸರರಲ್ಲ, ವಿದ್ಯಾರ್ಥಿಯೂ ಅಲ್ಲ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ ಹಾಲು ಮಾರುವವ. ಭಾಷಣ ಮಾಡುತ್ತಿದ್ದ ಹುಡುಗ ಸಿಟ್ಟಾಗಲಿಲ್ಲ. ಅವನತ್ತ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಧಾರವಾಡಕ್ಕೆ ಬಂದ ಮೊದಲ ವಾರವೇ ಇದನ್ನು ಕಂಡು ನಾನು ದಂಗಾದೆ.

ಅಪ್ಪನಿಗೆ ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ವರ್ಗವಾಗಿತ್ತು. ಅಮ್ಮ ಅಜ್ಜಿಯ ಆರೈಕೆಗೆಂದು ಮೈಸೂರಿನಲ್ಲೇ ಉಳಿದರು. ನಾನು ಧಾರವಾಡದ ಕಾಲೇಜು ಸೇರಿ, ಸಂಗೀತ ಕಲಿಸುವ ತುಳಸಾಬಾಯಿಯವರ ಮನೆಯಲ್ಲಿ ಕೋಣೆ ಹಿಡಿದೆ. ಅವರು ತಟ್ಟೆಗೆ ಜೋಳದ ರೊಟ್ಟಿ ಬಡಿಸಿದರೆ ನಾನು ಅನ್ನಕ್ಕಾಗಿ ಕಾಯುತ್ತ ಕೂರುತ್ತಿದ್ದೆ. "ಲಗೂ" ಎಂದರೆ ಬೇಗ ಎಂದು ತಿಳಿಯುವ ಹೊತ್ತಿಗೆ ಎಷ್ಟೋ ಸಲ ತಡವಾಗಿತ್ತು.

ಚರ್ಚೆ ನಡೆದ ಆ ಕಟ್ಟಡ ವಿದ್ಯಾರ್ಥಿ ಸಂಘದ್ದು. ಇಲ್ಲಿ ಎಲ್ಲರೂ ‘ಯೂನಿಯನ್’ ಎನ್ನುತ್ತಾರೆ. ನಮ್ಮ ಮೈಸೂರಿನಲ್ಲಿ ಕಾಲೇಜಿನ ಸಭಾಂಗಣ ತೋಟದ ಹಿಂದೆ, ಗೇಟಿನ ಹಿಂದೆ, ಕಾವಲುಗಾರನ ಹಿಂದೆ ಇರುತ್ತದೆ. ಇದು ಪೇಟೆಯ ರಸ್ತೆಗೇ ಮುಖ ಮಾಡಿ ನಿಂತಿದೆ. ಕರಿಗಲ್ಲಿನ ಗೋಡೆ, ಎತ್ತರದ ಹೆಂಚಿನ ಮಾಡು, ಸಾಗವಾನಿಯ ತೊಲೆಗಳು. ರಸ್ತೆಯ ಕಡೆಗೆ ದೊಡ್ಡ ಬಾಗಿಲುಗಳ ಸಾಲು, ಮುಂದೆ ಉದ್ದಕ್ಕೂ ಮೆಟ್ಟಿಲು. ಸಂಜೆ ಬಾಗಿಲು ತೆರೆದರೆ ಊರೇ ಬಂದು ಕೂರುತ್ತದೆ: ಸಂತೆ ಮುಗಿಸಿದ ಉಪ್ಪಿನಬೆಟಗೇರಿಯ ರೈತರು, ವಕೀಲರ ಗುಮಾಸ್ತರು, ಮಿಶನ್ ಶಾಲೆಯ ಮಾಸ್ತರರು. ಅರಮನೆ ನೋಡುತ್ತ ಬೆಳೆದವಳು ನಾನು. ಆದರೂ ಕಟ್ಟಡವೊಂದರ ಮುಂದೆ ಇಷ್ಟು ಬೆರಗಾಗಿ ನಿಂತದ್ದಿಲ್ಲ.

ಹುಡುಗಿಯರಾದ ನಮಗೆ ಮಾತ್ರ ಮೇಲಿನ ಗ್ಯಾಲರಿ. ಅದಕ್ಕೆ ಹೊರಗಡೆ, ಹಿಂಬದಿಯಲ್ಲಿ, ಕಬ್ಬಿಣದ ಸುತ್ತುಮೆಟ್ಟಿಲು. ಮಾತಾಡಬೇಕೆನಿಸಿದರೆ ಚೀಟಿ ಬರೆದು ಕಳಿಸಬೇಕು. ಅದನ್ನು ಕಾರ್ಯದರ್ಶಿ ಕುಲಕರ್ಣಿ ಸಭೆಗೆ ಓದಿ ಹೇಳುತ್ತಿದ್ದ.

ಮರುವರ್ಷ ಕೆಲವರು ಒಂದು ಸೂಚನೆ ತಂದರು: ಹೊರಗಿನವರಿಂದ ಗದ್ದಲ, ರಸ್ತೆಯ ಬಾಗಿಲುಗಳಿಗೆ ಗೋಡೆ ಕಟ್ಟಿಬಿಡೋಣ. ಸಭೆಯೇ ತೀರ್ಮಾನಿಸಬೇಕೆಂದಾಯಿತು. ಬೇಡವೆಂದು ಚೀಟಿ ಬರೆಯುತ್ತಿದ್ದ ನನ್ನನ್ನು ಕಂಡು ತುಳಸಾಬಾಯಿ ಕೇಳಿದರು: "ಅದನ್ನ ಯಾರು ಓದ್ತಾರ?"

"ಕುಲಕರ್ಣಿಯವರು."

"ಮಾತು ನಿಂದು, ದನಿ ಅವಂದ? ಇಳದು ಹೋಗಿ ನೀನ ಹೇಳು, ತಂಗಿ."

ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಮುಚ್ಚಬೇಕೆಂದೇ ಮಾತಾಡಿದರು. ತಡೆಯಲಾರದೆ ಎದ್ದು ಸುತ್ತುಮೆಟ್ಟಿಲಿಳಿದೆ. ಇಳಿದ ಮೇಲೆ ಹೊಳೆಯಿತು: ಗ್ಯಾಲರಿಯಿಂದ ಸಭೆಗೆ ಒಳದಾರಿಯೇ ಇಲ್ಲ. ಕಾಲೇಜಿನ ಕಡೆಯ ಬಾಗಿಲು ಹುಡುಗರ ಹಾಸ್ಟೆಲಿನ ಅಂಗಳಕ್ಕೆ. ಅಲ್ಲಿ ನಾವು ಕಾಲಿಡುವಂತಿಲ್ಲ. ಕಟ್ಟಡ ಸುತ್ತಿ ರಸ್ತೆಗೆ ಬಂದೆ. ಮೆಟ್ಟಿಲ ತುಂಬ ಗಂಡಸರು. ಕೆಳಗಿನ ಮೆಟ್ಟಿಲಲ್ಲೇ ನಿಂತೆ.

"ದಾರಿ ಬಿಡ್ರಿ, ಅಕ್ಕಾರು ಒಳಗ ಹೊಂಟಾರ," ಎಂದರು ಮುದುಕರೊಬ್ಬರು. ಜನ ಸರಿದರು.

ಕುಲಕರ್ಣಿ ಗಾಬರಿಯಾದ. "ನೀವ್ಯಾಕ ಬಂದ್ರಿ? ಚೀಟಿ ಕೊಟ್ಟಿದ್ರ ನಾನ ಓದ್ತಿದ್ದೆ."

ಬರೆದದ್ದೆಲ್ಲ ಮರೆತುಹೋಗಿತ್ತು. "ನಾನು ಯಾವ ಬಾಗಿಲಿಂದ ಬಂದೆ, ನೋಡಿದಿರಲ್ಲ," ಎಂದೆ. "ಅದನ್ನು ಮುಚ್ಚಿದರೆ ನಿಮ್ಮ ಜೊತೆ ಓದುವ ಹುಡುಗಿಯರೂ ಹೊರಗೇ ಉಳಿಯುತ್ತಾರೆ."

ನನ್ನ ದನಿ ಆ ಮಾಡಿನವರೆಗೆ ಏರಿ ರಸ್ತೆಗೆ ಹೋದದ್ದು ನನಗೇ ಕೇಳಿಸಿತು. ಮತ ಕೇಳಿದಾಗ ಮುಚ್ಚಬಾರದೆಂದೇ ಹೆಚ್ಚು ಕೈಗಳು ಮೇಲೆದ್ದವು. ಕುಲಕರ್ಣಿಯ ಕೈಯೂ ಇತ್ತು. ಬಾಗಿಲುಗಳು ಉಳಿದವು. ಮುಂದಿನ ಚರ್ಚೆಗೆ ಕೆಳಗೇ ನಮಗೊಂದು ಬೆಂಚು ಹಾಕಿದ್ದರು.

ಇಷ್ಟಾದರೂ ಇಲ್ಲಿ ನಾನು ಇಂದಿಗೂ ‘ಮೈಸೂರವ್ರು’. ಬೇಸಗೆಯಲ್ಲಿ ಮೈಸೂರಿಗೆ ಹೋದಾಗ ಒಂದು ಸಂಜೆ ಅಮ್ಮನ ಜೊತೆ ಹೂ ಕಟ್ಟುತ್ತಿದ್ದೆ. ಸೆಕೆ. "ನಮ್ಮೂರಾಗ ಈ ಹೊತ್ತಿಗೆ ಗಾಳಿ ಬಿಡತದ," ಎಂದುಬಿಟ್ಟೆ.

ಅಮ್ಮನ ಕೈ ನಿಂತಿತು. "ಯಾವೂರೇ ಅದು, ನಿಮ್ಮೂರು?" ನಗುತ್ತಲೇ ಕೇಳಿದರು.

ನಾನೂ ನಕ್ಕೆ. ಅಮ್ಮ ಉತ್ತರಕ್ಕೆ ಕಾದರು. ನನ್ನ ಬಾಯಿಂದ ಯಾವ ಊರಿನ ಹೆಸರು ಬರುತ್ತದೋ ಎಂದು ನಾನೂ ಕಾದೆ.