ಪುಸ್ತಕದ ಹುಡುಗಿಗೊಂದು ಡೇರೆ

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಯಾರು ಏನು ಕೇಳಿದರೂ ಕೊರಳ ಟೇಪು ಎಳೆದುಕೊಂಡು, "ತಡೀರಿ, ಮೊದ್ಲ ನೋಡೂಣ್ರಿ" ಎನ್ನುತ್ತಿದ್ದರು.

ನನ್ನ ಮಗಳ ಹುಟ್ಟುಹಬ್ಬ ಬಂತು. ಅವಳಿಗೆ ಆಟಿಕೆ ಬೇಡ, ಓದುವುದೇ ಹುಚ್ಚು. ಏನು ಕೊಡಲೆಂದು ಅಕ್ಕನನ್ನು ಕೇಳಿದೆ. ಅವರು ಒಂದು ಸಂಜೆಯೆಲ್ಲ ಮಗಳನ್ನೇ ನೋಡುತ್ತ ನಮ್ಮ ಮನೆಯಲ್ಲಿ ಕುಳಿತರು.

"ಗದ್ದಲಾದ್ರ ಪುಸ್ತಕ ಹಿಡ್ಕೊಂಡು ಮಂಚದ ಬುಡಕ ಹೋಗ್ತಾಳ್ರಿ. ಆಕಿಗೊಂದು ಜಾಗಾ ಬೇಕು."

ಹುಟ್ಟುಹಬ್ಬದ ದಿನ ಹಳೆಯ ಇಳಕಲ್ ಸೀರೆಗಳಲ್ಲಿ ಹೊಲಿದ ಪುಟ್ಟ ಡೇರೆ ತಂದರು. ಒಳಗೆ ಪುಸ್ತಕಗಳಿಗೆ ಜೇಬುಗಳಿದ್ದವು. ಒಳಹೊಕ್ಕ ಮಗಳು ಕೇಕ್ ಕತ್ತರಿಸಲೂ ಬರಲಿಲ್ಲ. ಕರೆತರಲು ಅಕ್ಕನೇ ತೂರಿಕೊಂಡರು. ಅವರೂ ಬರಲಿಲ್ಲ, ಮಗಳು ಅವರಿಗೆ ಕತೆ ಓದತೊಡಗಿದ್ದಳು. ನಾನು ಕೂಗಿದೆ.

"ಕೇಕ್ ಎಲ್ಲಿ ಓಡಿ ಹೋಗ್ತೈತ್ರಿ?" ಒಳಗಿಂದ ಅಕ್ಕ ಗದರಿದರು. "ರಾಜಕುಮಾರಿ ಇನ್ನೂ ಬಾವ್ಯಾಗ ಅದಾಳ!"